ಬೆಚ್ಚಗಾಗದ ಕ್ಯಾಬಿನ್, ತಿಳಿಯಾಗದ ಗಾಜು: ಹಳೆಯ ಪಿಕಪ್ ಟ್ರಕ್ಕಿನ ಹೀಟರ್ ಕುರಿತ ತಪ್ಪು ಕಲ್ಪನೆಗಳು

ಅಮೆರಿಕದ ಉತ್ತರ ಭಾಗದ ಮಿನೆಸೋಟ, ನಾರ್ತ್ ಡಕೋಟದಂತಹ ರಾಜ್ಯಗಳಲ್ಲಿ ಜನವರಿಯ ಬೆಳಗಿನ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಅಪರೂಪವೇನಲ್ಲ. ಅಂತಹ ಕಡೆಯೂ ಮೂರು ನಾಲ್ಕು ದಶಕ ಹಳೆಯ ಫೋರ್ಡ್, ಷೆವ್ರೊಲೆ, ಡಾಡ್ಜ್ ಪಿಕಪ್ ಟ್ರಕ್ಕುಗಳು ಹೊಲದ ಕೆಲಸಕ್ಕೂ ಸೌದೆ ಸಾಗಿಸುವುದಕ್ಕೂ ಇಂದಿಗೂ ಓಡುತ್ತಿವೆ. ಈ ಟ್ರಕ್ಕುಗಳ ಹೀಟರ್ ಸೊರಗಿದಾಗ ಮಾಲೀಕರು ಕೈಗೊಳ್ಳುವ ಉಪಾಯಗಳಲ್ಲಿ ಹಲವು ಬಾಯಿಂದ ಬಾಯಿಗೆ ಬಂದವು, ಕೆಲವು ಅರ್ಧ ಸತ್ಯ, ಕೆಲವು ಇಂಜಿನ್ನಿಗೇ ಅಪಾಯಕಾರಿ. ಇವುಗಳಲ್ಲಿ ಹೆಚ್ಚಿನವಕ್ಕೆ ಬೇರು ಒಂದೇ: ಹೀಟರ್ ಎಂಬುದು ತನ್ನಷ್ಟಕ್ಕೆ ಶಾಖ ಹುಟ್ಟಿಸುವ ಸ್ವತಂತ್ರ ಉಪಕರಣವೆಂಬ ಭಾವನೆ.

ವಾಸ್ತವದಲ್ಲಿ ಹೀಟರ್ ಶಾಖವನ್ನು ಹುಟ್ಟಿಸುವುದಿಲ್ಲ, ಇಂಜಿನ್ ಹೊರಹಾಕಬೇಕಾದ ಶಾಖದಲ್ಲಿ ಒಂದು ಪಾಲನ್ನು ಎರವಲು ಪಡೆಯುತ್ತದೆ. ಇಂಜಿನ್ನಿನ ಸುತ್ತ ಹರಿದು ಬಿಸಿಯಾದ ಕೂಲಂಟ್, ಅಂದರೆ ನೀರು ಮತ್ತು ಹೆಪ್ಪುಗಟ್ಟದಂತೆ ತಡೆಯುವ ಗ್ಲೈಕಾಲ್ ದ್ರವದ ಮಿಶ್ರಣ, ಎರಡು ರಬ್ಬರ್ ಹೋಸ್‌ಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರಿಗೆ ಹೋಗಿ ಮರಳುತ್ತದೆ; ಬ್ಲೋವರ್ ಎಂಬ ವಿದ್ಯುತ್ ಫ್ಯಾನ್ ಅದರ ಮೂಲಕ ಗಾಳಿಯನ್ನು ತಳ್ಳುತ್ತದೆ; ಆ ಗಾಳಿ ಕಾಲಿನ ಬಳಿಗೆ ಹೋಗಬೇಕೋ ಮುಂಗಾಜಿಗೆ ಹೋಗಬೇಕೋ ಎಂಬುದನ್ನು ಪೆಟ್ಟಿಗೆಯೊಳಗಿನ ಪುಟ್ಟ ಬಾಗಿಲುಗಳು ನಿರ್ಧರಿಸುತ್ತವೆ. ಆದ್ದರಿಂದ ಹೀಟರಿನ ದೌರ್ಬಲ್ಯ ಅನೇಕ ವೇಳೆ ಇಂಜಿನ್ನಿನ ತಂಪಾಗಿಸುವ ವ್ಯವಸ್ಥೆಯ ದೋಷವೇ ಆಗಿರುತ್ತದೆ. ಹಂಡೆಯ ನೀರೇ ಕಾಯದಿರುವಾಗ ನಲ್ಲಿಯನ್ನು ದೂರಿ ಫಲವಿಲ್ಲ.

ಥರ್ಮೋಸ್ಟಾಟ್ ತೆಗೆದುಹಾಕಿದರೆ ಕೂಲಂಟ್ ಸರಾಗವಾಗಿ ಹರಿದು ಹೀಟರ್ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ಈ ವಿಷಯದ ಅತ್ಯಂತ ಹಾನಿಕರ ನಂಬಿಕೆ. ಥರ್ಮೋಸ್ಟಾಟ್ ಎಂದರೆ ಇಂಜಿನ್ ಮತ್ತು ರೇಡಿಯೇಟರಿನ ನಡುವೆ ಕುಳಿತ ಕವಾಟ. ಅದರ ಲೋಹದ ಬಟ್ಟಲಿನಲ್ಲಿ ತುಂಬಿದ ಮೇಣ ನಿಗದಿತ ಉಷ್ಣತೆಯಲ್ಲಿ ಕರಗಿ ಹಿಗ್ಗಿ, ಕಡ್ಡಿಯೊಂದನ್ನು ತಳ್ಳಿ ದಾರಿ ತೆರೆಯುತ್ತದೆ. ಹಳೆಯ ಅಮೆರಿಕನ್ ಟ್ರಕ್ಕುಗಳಲ್ಲಿ ಈ ಉಷ್ಣತೆ ಸಾಮಾನ್ಯವಾಗಿ 180 ಅಥವಾ 195 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 82 ಅಥವಾ 91 ಡಿಗ್ರಿ ಸೆಲ್ಸಿಯಸ್. ಕವಾಟ ಮುಚ್ಚಿರುವಷ್ಟು ಹೊತ್ತು ಕೂಲಂಟ್ ರೇಡಿಯೇಟರಿಗೆ ಹೋಗದೆ ಇಂಜಿನ್ ಮತ್ತು ಹೀಟರ್ ಕೋರ್‌ಗಳ ನಡುವೆಯೇ ಸುತ್ತುವುದರಿಂದ, ಮೊದಲ ಶಾಖ ಸಲ್ಲುವುದು ಕ್ಯಾಬಿನ್ನಿಗೆ. ಕವಾಟವನ್ನೇ ಕಿತ್ತರೆ, ಅಥವಾ ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ, ದೊಡ್ಡ ರೇಡಿಯೇಟರ್ ಎಲ್ಲ ಶಾಖವನ್ನೂ ಚಳಿಗಾಳಿಗೆ ಒಪ್ಪಿಸಿಬಿಡುತ್ತದೆ. ಕರ್ನಾಟಕದ ಗ್ಯಾರೇಜುಗಳಲ್ಲಿಯೂ ಇಂಜಿನ್ ಕಾಯುತ್ತದೆಂದು ದೂರು ಬಂದ ಕೂಡಲೆ ಥರ್ಮೋಸ್ಟಾಟ್ ಕಿತ್ತುಹಾಕುವ ಅಭ್ಯಾಸ ಹಳೆಯದು. ಸೆಕೆಯ ನಾಡಿನಲ್ಲಿ ಅದರ ದುಷ್ಪರಿಣಾಮ ತಕ್ಷಣ ಕಣ್ಣಿಗೆ ಬೀಳದಿದ್ದರೂ, ಸದಾ ತಣ್ಣಗೆ ಓಡುವ ಇಂಜಿನ್ ಹೆಚ್ಚು ಇಂಧನ ಕುಡಿಯುತ್ತದೆ, ಅದರ ಎಣ್ಣೆಯಲ್ಲಿ ತೇವ ಸೇರಿ ಕೆಸರು ಕಟ್ಟುತ್ತದೆ, ಸವೆತವೂ ಹೆಚ್ಚುತ್ತದೆ.

ಇದರ ಎದುರು ತುದಿಯ ನಂಬಿಕೆಯೂ ಉಂಟು: ಹೆಚ್ಚು ಬಿಸಿಯ ಥರ್ಮೋಸ್ಟಾಟ್ ಹಾಕಿದರೆ ಹೀಟರಿನ ಎಲ್ಲ ರೋಗವೂ ವಾಸಿ ಎಂಬುದು. 82ರ ಬದಲು 91 ಡಿಗ್ರಿಯದನ್ನು ಹಾಕಿದಾಗ ಸಿಗುವ ಲಾಭ ಒಂಬತ್ತು ಡಿಗ್ರಿಯಷ್ಟೇ, ಅದೂ ಉಳಿದೆಲ್ಲವೂ ಸರಿಯಾಗಿದ್ದರೆ ಮಾತ್ರ. ಹೊಸದನ್ನು ಕೊಳ್ಳುವ ಮೊದಲು ಹಳೆಯದನ್ನು ಪರೀಕ್ಷಿಸುವುದು ಸುಲಭ. ತಣ್ಣಗಿರುವ ಥರ್ಮೋಸ್ಟಾಟನ್ನು ಬೆಳಕಿಗೆ ಹಿಡಿದಾಗ ಬಿಲ್ಲೆಯ ಸುತ್ತ ಬೆಳಕಿನ ಗೆರೆ ಕಂಡರೆ ಅದು ಮುಚ್ಚಿಕೊಳ್ಳುತ್ತಿಲ್ಲವೆಂದೇ ಅರ್ಥ. ಗೆರೆ ಕಾಣದಿದ್ದರೆ ಪಾತ್ರೆಯ ತಳಕ್ಕೆ ತಾಗದಂತೆ ದಾರದಲ್ಲಿ ನೀರಿಗೆ ಇಳಿಬಿಟ್ಟು, ಥರ್ಮಾಮೀಟರ್ ಜೊತೆಗಿಟ್ಟು ಕಾಯಿಸಿದರೆ ಅದು ಎಷ್ಟು ಡಿಗ್ರಿಗೆ ಬಾಯಿ ತೆರೆಯುತ್ತದೆಂಬುದು ಗೊತ್ತಾಗುತ್ತದೆ. ಮರಳಿ ಕೂರಿಸುವಾಗ ಮೇಣದ ಬಟ್ಟಲಿರುವ ತುದಿ ಇಂಜಿನ್ನಿನ ಕಡೆಗಿರಬೇಕು. ತಿರುವುಮುರುವಾಗಿ ಕೂರಿಸಿ ಹೊಸ ತೊಂದರೆ ತಂದುಕೊಂಡವರ ಸಂಖ್ಯೆ ಕಡಿಮೆಯಲ್ಲ.

ಡ್ಯಾಶ್‌ಬೋರ್ಡಿನ ಉಷ್ಣತಾ ಮುಳ್ಳು ನಡುವೆ ನಿಂತಿದೆ, ಆದ್ದರಿಂದ ಇಂಜಿನ್ ಬಿಸಿಯಾಗಿದೆ, ದೋಷವೇನಿದ್ದರೂ ಹೀಟರಿನದ್ದೇ ಎಂಬ ತರ್ಕವನ್ನು ಪೂರ್ತಿ ನಂಬುವಂತಿಲ್ಲ. ಹಳೆಯ ಟ್ರಕ್ಕುಗಳ ಮುಳ್ಳು ಡಿಗ್ರಿಯನ್ನಲ್ಲ, ಸ್ಥೂಲವಾದ ಅಂದಾಜನ್ನಷ್ಟೇ ತೋರಿಸುತ್ತದೆ. ಕೂಲಂಟ್ ಮಟ್ಟ ಇಳಿದು ಅಳತೆಯ ಸಂವೇದಕ ದ್ರವದಲ್ಲಿ ಮುಳುಗಿರದೆ ಗಾಳಿಯಲ್ಲಿ ನಿಂತರೆ ಅದು ಹೇಳುವುದು ಇನ್ನೂ ಸಂದೇಹಾಸ್ಪದ. ಕಡಿಮೆಯಾದ ಕೂಲಂಟ್ ಹೀಟರನ್ನು ಎಲ್ಲಕ್ಕಿಂತ ಮೊದಲು ಬಾಧಿಸುತ್ತದೆ, ಏಕೆಂದರೆ ಹೀಟರ್ ಕೋರ್ ಅನೇಕ ವಾಹನಗಳಲ್ಲಿ ಎತ್ತರದ ಜಾಗದಲ್ಲಿದ್ದು ವ್ಯವಸ್ಥೆಯೊಳಗಿನ ಗಾಳಿ ಅಲ್ಲಿಯೇ ಗುಳ್ಳೆಯಾಗಿ ನಿಂತು ಹರಿವನ್ನು ತಡೆಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಕೇಳುವ ಗುಳುಗುಳು ಸದ್ದು, ಇಂಜಿನ್ ವೇಗ ಹೆಚ್ಚಿಸಿದಾಗ ಬಿಸಿಯಾಗಿ ನಿಂತಾಗ ತಣ್ಣಗಾಗುವ ಗಾಳಿ, ಇವೆರಡೂ ಇದರ ಲಕ್ಷಣಗಳು. ಪರಿಶೀಲನೆ ರೇಡಿಯೇಟರಿನ ಮುಚ್ಚಳದಿಂದ ಆರಂಭವಾಗಬೇಕು, ಆದರೆ ಇಂಜಿನ್ ಪೂರ್ಣ ತಣ್ಣಗಿರುವಾಗ ಮಾತ್ರ. ಒತ್ತಡದಲ್ಲಿರುವ ಬಿಸಿ ಕೂಲಂಟ್ ಮುಚ್ಚಳ ಸಡಿಲಿಸಿದ ಕ್ಷಣವೇ ಕುದಿದು ಮುಖಕ್ಕೆ ಎರಚುತ್ತದೆ.

ಚಳಿ ಹೆಚ್ಚಿದಷ್ಟೂ ಗ್ಲೈಕಾಲ್ ಹೆಚ್ಚಿರಬೇಕು, ನೀರನ್ನು ಸೇರಿಸಲೇಬಾರದು ಎಂಬ ಎಣಿಕೆ ಕೇಳುವುದಕ್ಕೆ ಸಹಜವಾಗಿದ್ದರೂ ರಸಾಯನಶಾಸ್ತ್ರಕ್ಕೆ ವಿರುದ್ಧವಾದುದು. ಎಥಿಲೀನ್ ಗ್ಲೈಕಾಲ್ ಮತ್ತು ನೀರು ಸಮಪಾಲಿನಲ್ಲಿದ್ದಾಗ ಮಿಶ್ರಣ ಹೆಪ್ಪುಗಟ್ಟುವುದು ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಶುದ್ಧ ಗ್ಲೈಕಾಲ್ ಮಾತ್ರ ಮೈನಸ್ 13ರ ಹೊತ್ತಿಗೇ ಹೆಪ್ಪುಗಟ್ಟುತ್ತದೆ. ಶಾಖ ಹೊರುವ ಸಾಮರ್ಥ್ಯದಲ್ಲಿಯೂ ನೀರಿನದೇ ಮೇಲುಗೈ: ಸಮಪಾಲಿನ ಮಿಶ್ರಣ ನೀರಿಗಿಂತ ಸುಮಾರು ಆರನೆಯ ಒಂದು ಭಾಗದಷ್ಟು ಕಡಿಮೆ ಶಾಖ ಹೊತ್ತರೆ, ಶುದ್ಧ ಗ್ಲೈಕಾಲ್ ಹೊರುವುದು ನೀರಿನ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಅತಿಯಾದ ಗ್ಲೈಕಾಲ್ ಹೀಟರನ್ನು ಇನ್ನಷ್ಟು ಸೊರಗಿಸುತ್ತದೆಯೇ ಹೊರತು ಕಾಪಾಡುವುದಿಲ್ಲ.

ಹೀಟರ್ ಕೋರನ್ನೇ ಬದಲಿಸಬೇಕು ಎಂಬ ತೀರ್ಮಾನಕ್ಕೆ ಅವಸರದಿಂದ ಬರುವವರು ಬಾನೆಟ್ ತೆರೆದು ಎರಡು ಹೋಸ್‌ಗಳನ್ನು ಮುಟ್ಟಿ ನೋಡಿರುವುದಿಲ್ಲ. ಇಂಜಿನ್ ಚೆನ್ನಾಗಿ ಕಾದ ಮೇಲೆ ಅವನ್ನು ಎಚ್ಚರಿಕೆಯಿಂದ ಮುಟ್ಟಿದರೆ, ಅಥವಾ ದೂರದಿಂದಲೇ ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ, ದೋಷ ಯಾವ ದಿಕ್ಕಿನಲ್ಲಿದೆಯೆಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಎರಡೂ ಉಗುರುಬೆಚ್ಚಗಿದ್ದರೆ ಸಂದೇಹ ಥರ್ಮೋಸ್ಟಾಟಿನ ಮೇಲೆ. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ, ಗಾಳಿ ತುಂಬಿದೆ ಅಥವಾ ಹೋಸಿನ ದಾರಿಯಲ್ಲಿರುವ ಹೀಟರ್ ವಾಲ್ವ್ ತೆರೆಯುತ್ತಿಲ್ಲ. ಎರಡೂ ಸುಡುತ್ತಿದ್ದು ಕ್ಯಾಬಿನ್ ಮಾತ್ರ ತಣ್ಣಗಿದ್ದರೆ ನೀರಿನ ಕಡೆ ಎಲ್ಲವೂ ಸರಿಯಿದೆ, ದೋಷ ಗಾಳಿಯ ಕಡೆಗಿದೆ. ಕೋರ್ ಕಟ್ಟಿಕೊಳ್ಳಲು ತುಕ್ಕು, ಸುಣ್ಣದ ಪದರಗಳಷ್ಟೇ ಕಾರಣವಲ್ಲ. ರೇಡಿಯೇಟರಿನ ಸೋರಿಕೆ ನಿಲ್ಲಿಸಲೆಂದು ಸುರಿಯುವ ಪುಡಿ ಮತ್ತು ದ್ರಾವಣಗಳು ಸೋರುವ ರಂಧ್ರವನ್ನೂ ಕೋರಿನ ಸಣ್ಣ ನಾಳಗಳನ್ನೂ ಬೇರೆ ಬೇರೆಯಾಗಿ ಗುರುತಿಸಲಾರವು. ಹರಿವಿಗೆ ವಿರುದ್ಧ ದಿಕ್ಕಿನಿಂದ ತೋಟದ ಪೈಪಿನ ನೀರನ್ನು ಕಡಿಮೆ ಒತ್ತಡದಲ್ಲಿ ಹಾಯಿಸಿ ತೊಳೆದರೆ ಅನೇಕ ಕೋರುಗಳು ಮತ್ತೆ ಹರಿಯುತ್ತವೆ. ಹೆಚ್ಚು ಒತ್ತಡದಿಂದ ತೊಳೆದಷ್ಟೂ ಒಳ್ಳೆಯದೆಂದು ಭಾವಿಸಿ ಏರ್ ಕಂಪ್ರೆಸರ್ ಜೋಡಿಸಿದರೆ, ಬೆಸುಗೆ ಹಾಕಿದ ಹಳೆಯ ಹಿತ್ತಾಳೆ ಕೋರು ಬಿರಿಯುತ್ತದೆ. ಹೊರಬರುವ ಕೂಲಂಟ್ ರುಚಿಗೆ ಸಿಹಿ, ಆದರೆ ವಿಷ. ಅದನ್ನು ನಾಯಿಗಳಿಗೂ ಮಕ್ಕಳಿಗೂ ಸಿಗುವಂತೆ ನೆಲಕ್ಕೆ ಬಿಡಬಾರದು.

ಗಾಳಿಯ ಕಡೆಯ ದೋಷಗಳನ್ನು ಮಾಲೀಕರು ಬಹುಪಾಲು ಬ್ಲೋವರ್ ಮೋಟರಿನ ತಲೆಗೆ ಕಟ್ಟುತ್ತಾರೆ. ಫ್ಯಾನ್ ಅತ್ಯಧಿಕ ವೇಗದಲ್ಲಿ ಮಾತ್ರ ತಿರುಗಿ ಉಳಿದ ವೇಗಗಳಲ್ಲಿ ನಿಂತುಬಿಟ್ಟರೆ ಮೋಟರ್ ಆರೋಗ್ಯವಾಗಿಯೇ ಇದೆ; ಕೆಟ್ಟಿರುವುದು ವೇಗ ತಗ್ಗಿಸುವ ರೆಸಿಸ್ಟರ್ ಎಂಬ ಅಗ್ಗದ ಭಾಗ. ಇನ್ನು ಫ್ಯಾನ್ ಸದ್ದು ಜೋರಾಗಿದ್ದೂ ಗಾಳಿ ಕ್ಷೀಣವಾಗಿದ್ದರೆ ಪೆಟ್ಟಿಗೆಯೊಳಗೇ ನೋಡಬೇಕಾಗುತ್ತದೆ. ಆ ಕಾಲದ ಟ್ರಕ್ಕುಗಳಿಗೆ ಕ್ಯಾಬಿನ್ ಗಾಳಿಯ ಫಿಲ್ಟರ್ ಸಾಮಾನ್ಯವಾಗಿ ಇರಲಿಲ್ಲವಾದ್ದರಿಂದ, ಮುಂಗಾಜಿನ ಬುಡದ ಜಾಲರಿಯಿಂದ ಒಳಹೊಕ್ಕ ಒಣ ಎಲೆ, ಪೈನ್ ಮರದ ಸೂಜಿ ಎಲೆ, ಚಳಿಗಾಲದ ಆಶ್ರಯ ಹುಡುಕಿ ಬಂದ ಇಲಿ ಸೀಟಿನ ಹತ್ತಿಯನ್ನು ಕಿತ್ತು ಕಟ್ಟಿದ ಗೂಡು, ಇವೆಲ್ಲ ಕೋರಿನ ಮುಖಕ್ಕೆ ಕಂಬಳಿ ಹೊದಿಸಿದ ಹಾಗೆ ಒತ್ತಾಗಿ ಕುಳಿತಿರುತ್ತವೆ. ಬಿಸಿ ಮತ್ತು ತಣ್ಣನೆಯ ಗಾಳಿಯ ಪ್ರಮಾಣವನ್ನು ನಿರ್ಧರಿಸುವ ಬಾಗಿಲಿನ ಅಂಚಿಗೆ ಅಂಟಿಸಿದ್ದ ಸ್ಪಂಜು ದಶಕಗಳಲ್ಲಿ ಪುಡಿಯಾಗಿ, ಕಪ್ಪು ಚೂರುಗಳಾಗಿ ಗಾಳಿಯ ಕಿಂಡಿಯಿಂದ ಹಾರಿ ಚಾಲಕನ ಮಡಿಲಿಗೆ ಬೀಳುತ್ತದೆ. ಅನೇಕರು ಅದನ್ನು ಕಸವೆಂದು ಒರೆಸಿ ಸುಮ್ಮನಾಗುತ್ತಾರೆ, ಆದರೆ ಆ ಚೂರುಗಳೆಂದರೆ ಬಾಗಿಲು ಇನ್ನು ಪೂರ್ತಿ ಮುಚ್ಚಿಕೊಳ್ಳಲಾರದೆಂಬ ಸ್ಪಷ್ಟ ಸೂಚನೆ. ಲಿವರನ್ನು ಪೂರ್ತಿ ಸರಿಸಿದರೂ ಬಾಗಿಲನ್ನು ಎಳೆಯುವ ಕೇಬಲ್ ಕೊಂಡಿಯಿಂದ ಜಾರಿದ್ದರೆ ಒಳಗೆ ಏನೂ ಕದಲುವುದಿಲ್ಲ.

ಏರು ಹತ್ತುವಾಗ ಗಾಳಿ ತಾನಾಗಿ ಮುಂಗಾಜಿನತ್ತ ತಿರುಗಿಬಿಡುವುದನ್ನು ಕಂಡು ಇಂಜಿನ್ ದುರ್ಬಲವಾಗಿದೆಯೆಂದು ಭಾವಿಸುವುದೂ ಉಂಟು. ಗಾಳಿಯ ದಿಕ್ಕನ್ನು ನಿರ್ಧರಿಸುವ ಬಾಗಿಲುಗಳನ್ನು ಕೆಲವು ಟ್ರಕ್ಕುಗಳಲ್ಲಿ ಇಂಜಿನ್ನಿನ ನಿರ್ವಾತ, ಅಂದರೆ ಗಾಳಿಯನ್ನು ಒಳಗೆಳೆಯುವಾಗ ಉಂಟಾಗುವ ಸೆಳೆತ, ನಡೆಸುತ್ತದೆ. ಆಕ್ಸಲರೇಟರ್ ಒತ್ತಿದಾಗ ಈ ಸೆಳೆತ ತಗ್ಗುವುದು ಸಹಜವಾದ್ದರಿಂದ ಅದನ್ನು ಕಾಯ್ದಿಡಲು ಡಬ್ಬಿಯಂತಹ ಸಂಗ್ರಾಹಕವೊಂದಿರುತ್ತದೆ. ಅದರ ಸೋರಿಕೆ ಅಥವಾ ಬಿರುಕುಬಿಟ್ಟ ಸಣ್ಣ ಕೊಳವೆಯೇ ಇಲ್ಲಿ ದೋಷಿ. ಸೆಳೆತ ತಪ್ಪಿದಾಗ ಗಾಳಿ ಮುಂಗಾಜಿಗೆ ಹೋಗುವಂತೆ ಇಂತಹ ವ್ಯವಸ್ಥೆಗಳನ್ನು ಉದ್ದೇಶಪೂರ್ವಕವಾಗಿಯೇ ರೂಪಿಸಲಾಗಿದೆ, ಏಕೆಂದರೆ ಕಾಲು ತಣ್ಣಗಿದ್ದರೂ ವಾಹನ ಓಡಿಸಬಹುದು, ದಾರಿ ಕಾಣದೆ ಓಡಿಸಲಾಗದು.

ಮುಂಗಾಜಿಗೆ ಗಾಳಿ ಬಿಟ್ಟು ಅದನ್ನು ತಿಳಿಯಾಗಿಸುವ ಡಿಫ್ರಾಸ್ಟರ್ ವಿಷಯದಲ್ಲಿ ಶಾಖ ಹೆಚ್ಚಿದ್ದರೆ ಸಾಕು ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಗಾಜಿನ ಹೊರಗಿನ ಹಿಮ ಕರಗಲು ಶಾಖ ಬೇಕು, ಒಳಗಿನ ಮಬ್ಬು ಹೋಗಲು ಒಣ ಗಾಳಿ ಬೇಕು. ಹೊರಗೆ ಹಿಮ ಬೀಳುತ್ತಿರುವುದರಿಂದ ಅಲ್ಲಿನ ಗಾಳಿ ತೇವ, ಅದನ್ನು ಒಳಗೆ ಬಿಡಬಾರದೆಂದು ಭಾವಿಸಿ ಒಳಗಾಳಿಯನ್ನೇ ಸುತ್ತಿಸುವವರು ಲೆಕ್ಕ ತಪ್ಪುವುದು ಇಲ್ಲಿಯೇ. ಮೈನಸ್ 10 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು 2 ಗ್ರಾಂ. ಅದೇ 25 ಡಿಗ್ರಿಯಲ್ಲಿ ಒಂದು ಘನ ಮೀಟರಿಗೆ ಹಿಡಿಸುವುದು ಸುಮಾರು 23 ಗ್ರಾಂ. ಹಾಗಾಗಿ ಹಿಮಗಾಳಿ ಹೀಟರಿನಲ್ಲಿ ಬಿಸಿಯಾದೊಡನೆ ಅತ್ಯಂತ ಒಣಗಾಳಿಯಾಗಿ ಗಾಜಿನ ತೇವವನ್ನು ಹೀರಿಕೊಳ್ಳುತ್ತದೆ, ಒಳಗೆ ಸುತ್ತುವ ಗಾಳಿಯಾದರೋ ಉಸಿರಿನ ಮತ್ತು ಬೂಟಿಗೆ ಅಂಟಿ ಬಂದು ಕರಗಿದ ಹಿಮದ ತೇವವನ್ನು ಮತ್ತೆ ಮತ್ತೆ ಗಾಜಿಗೇ ತಂದು ಬಳಿಯುತ್ತದೆ. ಎಸಿ ಇರುವ ಟ್ರಕ್ಕುಗಳಲ್ಲಿ ಡಿಫ್ರಾಸ್ಟ್ ಒತ್ತಿದಾಗ ಎಸಿ ತಾನಾಗಿ ಚಾಲೂ ಆಗುವುದೂ ದೋಷವಲ್ಲ. ತಣ್ಣನೆಯ ಕಾಯಿಲ್ ಮೇಲೆ ತೇವ ಹನಿಯಾಗಿ ಇಳಿದು, ಒಣಗಿದ ಗಾಳಿ ಹೀಟರಿನಲ್ಲಿ ಮತ್ತೆ ಬಿಸಿಯಾಗುತ್ತದೆ. ಹೊರಗಿನ ಉಷ್ಣತೆ ಸೊನ್ನೆಯ ಹತ್ತಿರಕ್ಕೆ ಇಳಿದಾಗ ಕಂಪ್ರೆಸರ್ ನಿಂತುಹೋಗುವುದರಿಂದ ಕಡುಚಳಿಯಲ್ಲಿ ಇದರ ನೆರವು ದೊರೆಯದು. ಆಗುಂಬೆ, ಚಾರ್ಮಾಡಿ ಘಾಟಿಗಳ ಮಳೆಗಾಲದಲ್ಲಿ ಮಾತ್ರ ಸ್ಥಿತಿ ಬೇರೆ: ಅಲ್ಲಿ ಹೊರಗಾಳಿಯೂ ತೇವದಿಂದ ತುಂಬಿರುವುದರಿಂದ ಎಸಿಯ ಒಣಗಿಸುವ ಗುಣವೇ ಚಾಲಕನಿಗೆ ಮುಖ್ಯ ಆಸರೆ.

ಎಷ್ಟು ಒರೆಸಿದರೂ ಮುಂಗಾಜಿನ ಒಳಮೈಯಲ್ಲಿ ಜಿಡ್ಡಿನ ಪೊರೆ ಮರಳಿ ಬರುತ್ತಿದ್ದು, ಜೊತೆಗೆ ಸಿಹಿಯಾದ ವಾಸನೆ ಇದ್ದರೆ ಅದು ಮಬ್ಬೂ ಅಲ್ಲ, ಧೂಳೂ ಅಲ್ಲ. ಹೀಟರ್ ಕೋರ್ ಸೋರಿ ಗ್ಲೈಕಾಲಿನ ಆವಿ ಗಾಜಿಗೆ ಅಂಟುತ್ತಿದೆ. ಪ್ರಯಾಣಿಕನ ಪಾದದ ಬಳಿಯ ಮ್ಯಾಟ್ ಎತ್ತಿ ನೋಡಿದರೆ ಒದ್ದೆ ಸಿಗುವ ಸಂಭವ ಹೆಚ್ಚು, ಆಗ ಮಾತ್ರ ಕೋರ್ ಬದಲಿಸದೆ ಗತ್ಯಂತರವಿಲ್ಲ.

ರೇಡಿಯೇಟರಿನ ಮುಂದೆ ರಟ್ಟು ಕಟ್ಟುವ ಹಳೆಯ ರೂಢಿಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ: ಕಡುಚಳಿಯಲ್ಲಿ ಅದು ಇಂಜಿನ್ನಿಗೆ ಗಾಳಿ ಬಡಿಯುವುದನ್ನು ತಡೆಯುತ್ತದೆ, ಡೀಸೆಲ್ ಟ್ರಕ್ಕುಗಳಿಗೆ ಇದಕ್ಕೆಂದೇ ತಯಾರಾದ ಹೊದಿಕೆಗಳೂ ಸಿಗುತ್ತವೆ. ಆದರೆ ರಟ್ಟಿಲ್ಲದೆ ಹೀಟರ್ ಕೆಲಸವನ್ನೇ ಮಾಡದಿದ್ದರೆ ಅದು ಥರ್ಮೋಸ್ಟಾಟಿನ ದೋಷವನ್ನು ಮುಚ್ಚಿಡುತ್ತಿದೆಯೆಂದೇ ತಿಳಿಯಬೇಕು. ನಿಂತಲ್ಲೇ ಕಾಲು ಗಂಟೆ ಇಂಜಿನ್ ಓಡಿಸಿದರೆ ಬೇಗ ಬಿಸಿಯಾಗುತ್ತದೆ ಎಂಬುದೂ ತಪ್ಪು. ಹೊರೆಯಿಲ್ಲದೆ ತಿರುಗುವ ಇಂಜಿನ್ ಹುಟ್ಟಿಸುವ ಶಾಖ ಅತ್ಯಲ್ಪ, ಕಾರ್ಬ್ಯುರೇಟರ್ ಇರುವ ಇಂಜಿನ್ ತಡವರಿಸದೆ ಓಡುವಷ್ಟು ಹೊತ್ತು ಕಾದು, ಗಾಜನ್ನು ಶುಚಿಮಾಡಿಕೊಂಡು ನಿಧಾನವಾಗಿ ಹೊರಟರೆ ಬೇಗ ಕಾಯುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ, ಅಥವಾ ಸೈಲೆನ್ಸರ್ ಕೊಳವೆ ಹಿಮದಲ್ಲಿ ಹೂತಿರುವಾಗ ಇಂಜಿನ್ ಓಡಿಸಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕ್ಯಾಬಿನ್ನಿಗೆ ತುಂಬಿ ಪ್ರಾಣವನ್ನೇ ತೆಗೆಯಬಲ್ಲದು.

ಹಿಮ ಕಟ್ಟಿದ ಗಾಜಿಗೆ ಬಿಸಿನೀರು ಸುರಿಯುವುದು ಅವಸರದವರ ಕೊನೆಯ ಉಪಾಯ. ಗಾಜಿನ ಒಂದು ಮೈ ಥಟ್ಟನೆ ಹಿಗ್ಗಿ ಇನ್ನೊಂದು ಚಳಿಯಲ್ಲೇ ಉಳಿಯುವುದರಿಂದ, ಕಲ್ಲೇಟಿನ ಸಣ್ಣ ಗುರುತೂ ಅಂಚಿನವರೆಗೆ ಸೀಳಿಕೊಳ್ಳಬಹುದು. ಸುರಿದ ನೀರು ಕೆಳಗಿಳಿದು ವೈಪರಿನ ಬುಡದಲ್ಲಿ ಮತ್ತೆ ಮಂಜುಗಡ್ಡೆಯಾಗುತ್ತದೆ. ಎರಡು ಭಾಗ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಒಂದು ಭಾಗ ನೀರು ಬೆರೆಸಿ ಸಿಂಪಡಿಸಿ, ಪ್ಲಾಸ್ಟಿಕ್ಕಿನ ಕೆರೆಯುವ ಹಲಗೆಯಿಂದ ತೆಗೆಯುವುದೇ ಇದಕ್ಕಿಂತ ಬೇಗ ಮುಗಿಯುವ ಕೆಲಸ, ಅಷ್ಟರಲ್ಲಿ ಒಳಗಿನ ಡಿಫ್ರಾಸ್ಟರಿಗೂ ಕಾಯಲು ಸಮಯ ಸಿಕ್ಕಿರುತ್ತದೆ.