‘ಸರ್ವರ್ ಇಲ್ಲ’ ಎಂದರೇನು?

ಕೌತಾಳ, ಕೋಸಿಗಿ, ಹೊಳಗುಂದದ ಕಡೆಯಿಂದ ಆದವಾನಿಯ ಬ್ಯಾಂಕಿಗೆ ಬಂದವರು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕೇಳಿ ಬರಿಗೈಯಲ್ಲಿ ಹಿಂದಿರುಗುವುದುಂಟು. ಅಂದಿನ ಕೂಲಿಯೂ ಹೋಯಿತು, ಬಸ್ಸಿನ ಖರ್ಚೂ ದಂಡವಾಯಿತು. ಈ ಸರ್ವರ್ ಎಲ್ಲಿರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ವಿದ್ಯಾರ್ಥಿಗಳು ಕೇಳಿದ್ದಾರೆ. ನಾವು ಕನ್ನಡ ಪಾಠ ಹೇಳುವವರು, ಯಂತ್ರಶಾಸ್ತ್ರ ಬಲ್ಲವರಲ್ಲ. ಆದರೂ ಬಲ್ಲವರಿಂದ ಕೇಳಿ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇವೆ.

ಹಿಂದೆ ಬ್ಯಾಂಕಿನ ಪ್ರತಿಯೊಂದು ಶಾಖೆಯಲ್ಲಿಯೂ ದಪ್ಪ ಲೆಡ್ಜರುಗಳಿದ್ದವು. ಖಾತೆ ಇದ್ದ ಶಾಖೆಯಲ್ಲಿಯೇ ಹಣ ಪಡೆಯಬೇಕಾಗಿತ್ತು. ಈಗ ಎಲ್ಲ ಶಾಖೆಗಳ ಲೆಕ್ಕವೂ ದೂರದ ಊರಿನ ಒಂದು ಕೇಂದ್ರದಲ್ಲಿದೆ. ಅಲ್ಲಿ ಲೆಕ್ಕವಿಡುವ ಗಣಕಯಂತ್ರವೇ ಸರ್ವರ್. ಯಾವ ಶಾಖೆಯಲ್ಲಾದರೂ ಹಣ ತೆಗೆಯಬಹುದೆಂಬುದು ಇದರ ಲಾಭ. ದಾರಿ ಕಡಿದರೆ ಯಾರ ಲೆಕ್ಕವೂ ಕಾಣದೆಂಬುದು ನಷ್ಟ.

ತುಂಗಭದ್ರಾ ಕೆಳಮಟ್ಟದ ಕಾಲುವೆಯನ್ನು ನಂಬಿದ ನಮ್ಮ ರೈತರಿಗೆ ಇದು ಹೊಸದಲ್ಲ. ಹೊಲಕ್ಕೆ ನೀರು ಬಾರದಿದ್ದರೆ ಅಣೆಕಟ್ಟೇ ಬತ್ತಿತೆಂದು ಅವರು ಕೂಡಲೆ ಹೇಳುವುದಿಲ್ಲ. ಮೊದಲು ತಮ್ಮ ತೂಬು, ಬಳಿಕ ಪಕ್ಕದವರ ಹೊಲ, ಬಳಿಕ ಕಾಲುವೆ ನೋಡುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಯಿತಲ್ಲ, ಹಾಗೆ ಮೂಲಕ್ಕೇ ಕೇಡು ಬರುವುದು ಅಪರೂಪ. ಶಾಖೆಯಲ್ಲಿಯೂ ಅದೇ ಕ್ರಮ. ಒಂದೇ ಯಂತ್ರ ನಿಂತಿದ್ದರೆ ಅದರ ತಂತಿಯನ್ನು ನೋಡಬೇಕು. ಎಲ್ಲವೂ ನಿಂತಿದ್ದರೆ, ಹೊರಗಿನ ದಾರಿಯನ್ನು ಸೇರಿಸುವ ರೌಟರ್ ಪೆಟ್ಟಿಗೆಯ ದೀಪಗಳನ್ನು ನೋಡಬೇಕು. ಆ ಬಳಿಕ ಅದೇ ಬ್ಯಾಂಕಿನ ಇನ್ನೊಂದು ಶಾಖೆಗೆ ಫೋನು ಮಾಡಬೇಕು. ಅಲ್ಲಿ ಕೆಲಸ ನಡೆಯುತ್ತಿದ್ದರೆ ಸರ್ವರ್ ನೆಟ್ಟಗಿದೆ, ಕೆಟ್ಟಿರುವುದು ನಮ್ಮ ದಾರಿ.

ಒಮ್ಮೆ ಇಂತಹ ಹೊತ್ತಿನಲ್ಲಿ ನಾವು ಒಂದು ಶಾಖೆಯಲ್ಲಿ ಕುಳಿತಿದ್ದೆವು. ಹಳೆಯ ಗುಮಾಸ್ತರು ತಮ್ಮ ಹೆಸರು, ಪಾಸ್‌ವರ್ಡ್ ಒತ್ತಿದೊಡನೆ ಯಂತ್ರ ತೆರೆಯಿತು. ಅಂದೇ ವರ್ಗವಾಗಿ ಬಂದಿದ್ದ ಹೊಸಬರಿಗೆ ಅದೇ ಯಂತ್ರ ತೆರೆಯಲಿಲ್ಲ. ಪಾಪ, ಅವರು ತಮ್ಮದೇ ತಪ್ಪೆಂದು ಮತ್ತೆ ಮತ್ತೆ ಒತ್ತುತ್ತಿದ್ದರು. ಕಾರಣ ಬೇರೆ. ಬಂದವರು ಯಾರೆಂದು ಯಂತ್ರವು ಕೇಂದ್ರವನ್ನು ಕೇಳಿಯೇ ಒಳಗೆ ಬಿಡುತ್ತದೆ. ದಾರಿ ಕಡಿದಾಗ ಕೆಲಸಕ್ಕೆ ಬರಲೆಂದು, ಹಿಂದೆ ಹಾಗೆ ಬಂದುಹೋದವರ ಗುರುತನ್ನು ತನ್ನಲ್ಲಿಯೂ ಇಟ್ಟುಕೊಂಡಿರುತ್ತದೆ. ವಿಂಡೋಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಹೀಗೆ 10 ಗುರುತುಗಳು ಉಳಿಯುತ್ತವೆ. ಪಾಸ್‌ವರ್ಡನ್ನೇ ಬರೆದಿಡುವುದಿಲ್ಲ, ಗಣಿತದಿಂದ ಅದನ್ನು ಕಲಸಿ ಪಡೆದ ಗುರುತನ್ನು ಮಾತ್ರ ಇಡುತ್ತದೆ. ಹೊಸಬರು ಆ ಯಂತ್ರದ ಮುಂದೆ ಹಿಂದೆಂದೂ ಕುಳಿತವರಲ್ಲ. ಅವರ ಗುರುತು ಅಲ್ಲಿ ಇರುವುದಾದರೂ ಹೇಗೆ?

ಹಳೆಯವರು ಒಳಗೆ ಹೋದರೂ ಹಣ ಕೊಡಲಾಗಲಿಲ್ಲ ಎಂಬುದನ್ನೂ ಹೇಳಬೇಕು. ಯಂತ್ರ ತೆರೆಯುವುದು ಒಂದು ಬಾಗಿಲು, ಲೆಡ್ಜರ್ ತೆರೆಯುವುದು ಇನ್ನೊಂದು. ಅದೇ ಖಾತೆಯ ಹಣವನ್ನು ಅದೇ ಗಳಿಗೆಯಲ್ಲಿ ಬಳ್ಳಾರಿಯಲ್ಲಿ ಯಾರೋ ತೆಗೆಯುತ್ತಿರಬಹುದು. ಕೇಂದ್ರವನ್ನು ಕೇಳದೆ ಇಲ್ಲಿ ಕೊಟ್ಟರೆ ಇಲ್ಲದ ಹಣವನ್ನು ಕೊಟ್ಟಂತಾದೀತು. ಆದ್ದರಿಂದ ಗುಮಾಸ್ತರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ.

ದಾರಿ ಸರಿಯಿದ್ದೂ ಯಂತ್ರ ಒಳಗೆ ಬಿಡದಿರುವುದುಂಟು. ಆಗ ಅದರ ಗಡಿಯಾರವನ್ನು ನೋಡಬೇಕು. ಗುರುತು ಪರೀಕ್ಷಿಸುವ ‘ಕರ್ಬರಾಸ್’ ಎಂಬ ಪದ್ಧತಿಯಲ್ಲಿ ಎರಡೂ ಕಡೆಯ ಗಡಿಯಾರಗಳಿಗೆ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ಅಂತರವಿರಕೂಡದು. ಕಳ್ಳರು ಹಳೆಯ ಅನುಮತಿಯನ್ನೇ ಮತ್ತೆ ತೋರಿಸಿ ನುಗ್ಗಬಾರದೆಂದು ಈ ಕಟ್ಟು. ಆ ಹೆಸರು ಗ್ರೀಕರ ಕಥೆಯಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯದು! ಒಳಗಿನ ಪುಟ್ಟ ಬ್ಯಾಟರಿ ಸತ್ತು ಗಡಿಯಾರ ತಪ್ಪಿದರೂ ನಮಗೆ ಹೇಳುವುದು ‘ಸರ್ವರ್ ಇಲ್ಲ’ ಎಂದೇ.

ಪೋಷಕರಿಗೆ ಒಂದು ಮಾತು. ಎ.ಟಿ.ಎಂ.ನಲ್ಲಿ ನಡುವೆ ದಾರಿ ಕಡಿದು, ಹಣ ಕೈಗೆ ಬಾರದೆ ಖಾತೆಯಲ್ಲಿ ಮಾತ್ರ ಕಡಿತವಾದರೆ, 5 ದಿನಗಳೊಳಗೆ ಅದು ತಾನಾಗಿ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಆದೇಶಿಸಿದೆ. ಚೀಟಿ ಬಂದಿದ್ದರೆ ಜೋಪಾನವಾಗಿಡಿ. ಬಾರದಿದ್ದರೆ ದಿನಾಂಕ, ಹೊತ್ತು, ಮೊತ್ತ ಇವನ್ನು ಮನೆಯ ಮಕ್ಕಳ ಕೈಯಲ್ಲಿ ಅಲ್ಲಿಯೇ ಬರೆಯಿಸಿಕೊಳ್ಳಿ.