ಕನ್ನಡ ಚಿತ್ರಕಂಪನಿಗಳ ಏಳುಬೀಳು

ಮಿಡಿಗೇಶಿಯ ಕೋಟೆಬೆಟ್ಟದ ಕೆಳಗೆ, ಕಡಲೆಕಾಯಿ ಕಿತ್ತ ಹೊಲದಲ್ಲಿ, ಟೂರಿಂಗ್ ಟಾಕೀಸಿನ ಡೇರೆ ಏಳುತ್ತಿದ್ದುದನ್ನು ನನ್ನ ವಯಸ್ಸಿನವರು ಕಂಡಿದ್ದಾರೆ. ಮಣ್ಣು ಗುಡ್ಡೆ ಮಾಡಿ ಅದರ ಮೇಲೆ ಕುಳಿತ ಹುಡುಗರಾದ ನಮಗೆ, ಚಿತ್ರ ಮೊದಲಾಗುವ ಮುನ್ನ ತೆರೆಯ ಮೇಲೆ ಮೂಡುತ್ತಿದ್ದ ಕಂಪನಿಯ ಹೆಸರು ದೇವರ ಪಟದಷ್ಟೇ ಪೂಜ್ಯವಾಗಿತ್ತು. ಆ ಹೆಸರುಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ. ಅವು ಎದ್ದುದು ಹೇಗೆ, ಬಿದ್ದುದೇಕೆ ಎಂಬುದನ್ನು ವಾಚಕರು ನನ್ನೊಡನೆ ಕೊಂಚ ವಿಚಾರಿಸಬೇಕು.

ಚಿತ್ರಕಂಪನಿಗಳ ತವರು ನಾಟಕರಂಗ. ನಮ್ಮ ಜಿಲ್ಲೆಯವರೇ ಆದ ಗುಬ್ಬಿ ವೀರಣ್ಣನವರು ಮೂಕಿಚಿತ್ರಗಳ ಕಾಲದಲ್ಲೇ ಈ ಉದ್ಯಮಕ್ಕೆ ಕೈಹಾಕಿದರು. 1935ರಲ್ಲಿ ‘ಸದಾರಮೆ’ ಚಿತ್ರವಾಯಿತು. ಆದರೆ ನಾಟಕ ಕಂಪನಿಗೂ ಚಿತ್ರಕಂಪನಿಗೂ ಒಂದು ದೊಡ್ಡ ಅಂತರವುಂಟು. ನಾಟಕದವರಿಗೆ ಡೇರೆ ಸ್ವಂತ, ಪರದೆ ಸ್ವಂತ. ರಾತ್ರಿಯ ಟಿಕೀಟಿನ ಹಣ ಬೆಳಗಾಗುವುದರೊಳಗೆ ಪೆಟ್ಟಿಗೆಯಲ್ಲಿ. ಚಿತ್ರ ತೆಗೆಯುವವನಿಗೆ ಸ್ಟುಡಿಯೋ ಪರರದು, ಚಿತ್ರಮಂದಿರ ಪರರದು. ಮೊದಲ ಕನ್ನಡ ವಾಕ್ಚಿತ್ರವಾದ ‘ಸತಿ ಸುಲೋಚನ’ವನ್ನು (1934) ಬೆಂಗಳೂರಿನ ಸೌತ್ ಇಂಡಿಯಾ ಮೂವಿಟೋನ್ ಕೊಲ್ಹಾಪುರಕ್ಕೆ ಹೋಗಿ ತಯಾರಿಸಬೇಕಾಯಿತು. ಅನಂತರ ಮದರಾಸಿನ ದಾರಿ. ಗುಬ್ಬಿಯವರೂ ಎ.ವಿ. ಮೇಯಪ್ಪನ್ನರೂ ಕೂಡಿದ ಮೇಲೆಯೇ ‘ಬೇಡರ ಕಣ್ಣಪ್ಪ’ (1954) ತೆರೆ ಕಂಡಿತು.

ಹಾಗಾದರೆ ಹಣವೆಲ್ಲಿಂದ? ಇದೇ ಇಡೀ ಕಥೆಯ ಕೀಲಿ. ನಿರ್ಮಾಪಕನು ಕೈಯಲ್ಲಿದ್ದ ಅಲ್ಪ ಹಣದಿಂದ ಮುಹೂರ್ತ ಮಾಡಿ, ನಟರ ಹೆಸರು ತೋರಿಸಿ, ಹಂಚಿಕೆದಾರರಿಂದ ಮುಂಗಡ ತರುತ್ತಾನೆ. ಗಾಂಧಿನಗರದ ಹಂಚಿಕೆದಾರರು ನಾಡನ್ನೇ ಸೀಮೆಗಳಾಗಿ ವಿಂಗಡಿಸಿಕೊಂಡಿದ್ದಾರೆ. ಬೆಂಗಳೂರು, ಕೋಲಾರ, ತುಮಕೂರು ಸೇರಿದರೆ ‘ಬಿ.ಕೆ.ಟಿ.’ ನಮ್ಮ ಮಿಡಿಗೇಶಿ ಆ ‘ಟಿ’ಯೊಳಗೆ ಎಲ್ಲಿಯೋ ಅಡಗಿದೆ! ಫಿಲಮಿನ ಕಾಲದಲ್ಲಿ ಮುಂಗಡ ಸಾಲದಿದ್ದರೆ ಚಿತ್ರದ ನೆಗೆಟಿವನ್ನೇ ಒತ್ತೆಯಿಟ್ಟು ಬಡ್ಡಿಸಾಲ ತರುವುದಿತ್ತು. ಬಿತ್ತುವ ಮುನ್ನವೇ ಬೆಳೆಯನ್ನು ಮಂಡಿಯವನಿಗೆ ಬರೆದುಕೊಟ್ಟ ರೈತನ ಪಾಡು ನಿಮಗೆ ಗೊತ್ತಿದೆಯಲ್ಲ, ಅದೇ ಪಾಡು. ಬೆಳೆ ಬಂದರೆ ಮೊದಲ ಪಾಲು ಸಾಲ ಕೊಟ್ಟವನದು. ಬಾರದಿದ್ದರೆ ಹೊಲವೂ ಅವನದೇ.

ಇಷ್ಟಿದ್ದರೂ ಸಾಹಸಿಗಳಿಗೆ ಕೊರತೆಯಿರಲಿಲ್ಲ. ಮೈಸೂರಿನಲ್ಲಿ ಶಂಕರ್ ಸಿಂಗ್, ವಿಠಲಾಚಾರ್ಯರ ಮಹಾತ್ಮ ಪಿಕ್ಚರ್ಸ್ ‘ಜಗನ್ಮೋಹಿನಿ’ಯನ್ನು (1951) ಕೊಟ್ಟಿತು; ಮುಂದೆ ವಿಠಲಾಚಾರ್ಯರು ಬೇರೆಯಾಗಿ, ಕೊನೆಗೆ ತೆಲುಗಿನಲ್ಲಿಯೇ ನೆಲೆನಿಂತರು. ಬಿ.ಆರ್. ಪಂತುಲು ಅವರ ಪದ್ಮಿನಿ ಪಿಕ್ಚರ್ಸ್ ‘ಸ್ಕೂಲ್ ಮಾಸ್ಟರ್’ (1958), ‘ಕಿತ್ತೂರು ಚೆನ್ನಮ್ಮ’ (1961) ತಯಾರಿಸಿದ ಹಾಗೆಯೇ ತಮಿಳು ಚಿತ್ರಗಳನ್ನೂ ತಯಾರಿಸಿತು. ಎರಡು ಹೊಲ ಉಳುವವನಿಗೆ ಒಂದು ಒಣಗಿದರೂ ಇನ್ನೊಂದುಂಟು. ಕನ್ನಡವೊಂದನ್ನೇ ನೆಚ್ಚಿದವರಿಗೆ ಆ ಆಸರೆಯಿರಲಿಲ್ಲ. ‘ರಣಧೀರ ಕಂಠೀರವ’ವನ್ನು (1960) ನಿರ್ಮಿಸಿದವರು ರಾಜಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಮತ್ತು ನಮ್ಮ ತಿಪಟೂರಿನ ನರಸಿಂಹರಾಜು. ಕಲಾವಿದರೇ ಬಂಡವಾಳಗಾರರಾಗಬೇಕಾದ ಕಾಲವದು.

1960ರ ದಶಕದ ಉತ್ತರಾರ್ಧದಲ್ಲಿ ಸರ್ಕಾರದ ಸಹಾಯಧನ ಬಂದು, ಸಣ್ಣವರಿಗೂ ಉಸಿರಾಡಲು ಸಾಧ್ಯವಾಯಿತು. ಪಟ್ಟಾಭಿರಾಮ ರೆಡ್ಡಿಯವರ ರಾಮಮನೋಹರ ಚಿತ್ರ ಒಂದು ಲಕ್ಷಕ್ಕೂ ಕಡಿಮೆ ವೆಚ್ಚದಲ್ಲಿ ‘ಸಂಸ್ಕಾರ’ವನ್ನು (1970) ತೆಗೆದು, ಮೊದಲು ಸೆನ್ಸಾರಿನ ನಿಷೇಧವನ್ನೂ ಅನಂತರ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಬಳಿಕ ದೂರದರ್ಶನ ಬಂತು, ಡೇರೆಗಳು ಮಡಚಿಕೊಂಡವು, ನಟರ ಸಂಭಾವನೆ ಏರಿತು. ಪವನ್ ಕುಮಾರ್ ‘ಲೂಸಿಯಾ’ಕ್ಕಾಗಿ (2013) ಪ್ರೇಕ್ಷಕರಿಂದಲೇ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದಾಗ ನನಗೆ ಬಹಳ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಮಂಡಿಯವನನ್ನು ದಾಟಿ ಉಣ್ಣುವವನ ಬಳಿಗೇ ಹೋದ ರೈತ ಅವರು.

ಕಂಪನಿ ಮುಳುಗಿದರೆ ಮಾಲೀಕನ ಮನೆ ಹರಾಜಾಗಬಹುದು, ಅದನ್ನು ಬಲ್ಲೆವು. ಚಿತ್ರವೂ ಮುಳುಗುತ್ತದೆಂಬುದನ್ನು ಗಮನಿಸಿದವರು ಕಡಿಮೆ. ಒತ್ತೆ ಹೋದ ನೆಗೆಟಿವಿಗೆ ವಾರಸುದಾರರಿರಲಿಲ್ಲ. ಹಳೆಯ ಫಿಲಮು ಬೇಗ ಹತ್ತಿ ಉರಿಯುವಂಥದು, ಬಿಸಿಲಿಗೆ ಕೊಳೆಯುವಂಥದು. ಅದರಲ್ಲಿದ್ದ ಬೆಳ್ಳಿಯಂಶಕ್ಕಾಗಿ ಕರಗಿಸಿ ಮಾರಿದವರೂ ಉಂಟು.

‘ಸತಿ ಸುಲೋಚನ’ದ ವಿಷಯವನ್ನು ಈಚೆಗೆ ತರಗತಿಯಲ್ಲಿ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, “ಸಾರ್, ಮೊಬೈಲಿನಲ್ಲಿ ಸಿಕ್ಕುತ್ತದೆಯೇ? ಮನೆಗೆ ಹೋಗಿ ನೋಡುತ್ತೇನೆ” ಎಂದನು. ಒಂದು ಪ್ರತಿಯೂ ಉಳಿದಿಲ್ಲವಪ್ಪ ಎಂದೆ. ಅವನು ನಂಬದೆ, ಸಂಜೆ ಹುಡುಕಿ ನೋಡಿ, ಮರುದಿನ ಬಂದು “ಹೌದು ಸಾರ್, ಇಲ್ಲ” ಎಂದನು.