ದ್ವೀಪದ ಅತಿಥಿಗೆ ಸಿಹಿನೀರು ಎಲ್ಲಿಂದ?

ನಾಲ್ಕು ದಿಕ್ಕಿಗೂ ನೀಲಿ ಕಡಲು, ಬಿಳಿಯ ಮರಳಿನ ದಂಡೆ, ತೆಂಗಿನ ತೋಪಿನ ನಡುವೆ ಕೆಲವೇ ಕುಟೀರಗಳು. ಸಂತೆಯ ಗದ್ದಲವಿಲ್ಲ, ವಾಹನಗಳ ಹೊಗೆಯಿಲ್ಲ. ಉಷ್ಣವಲಯದ ದ್ವೀಪಗಳಲ್ಲಿರುವ ಇಂಥ ವಿಹಾರಧಾಮಗಳ ಬಣ್ಣದ ಚಿತ್ರಗಳನ್ನು ವಾಚಕರು ನೋಡಿಯೇ ಇರುವರು. ಹಣವುಳ್ಳವರು ದೂರದಿಂದ ಬಂದು ಅಲ್ಲಿ ನಾಲ್ಕು ದಿನ ತಂಗಿ ಹೋಗುತ್ತಾರೆ. ಕುಟೀರದ ಒಳಗೆ ಸ್ನಾನಗೃಹವುಂಟು. ಅದರಲ್ಲಿ ಮಲಗಿಕೊಂಡೇ ಮೀಯಬಹುದಾದಷ್ಟು ದೊಡ್ಡ ತೊಟ್ಟಿಯೂ ಉಂಟು. ಆ ತೊಟ್ಟಿಯಲ್ಲಿ ತುಂಬಿರುವುದು ಸಿಹಿನೀರು. ದ್ವೀಪದಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ, ಮೋಡಗಳನ್ನು ತಡೆಯುವ ಬೆಟ್ಟವಿಲ್ಲ. ಹಾಗಾದರೆ ಈ ನೀರು ಎಲ್ಲಿಂದ ಬಂದಿತು?

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಜವಳಗೇರಾದಂಥ ಊರಿನವರಿಗೆ ಈ ಪ್ರಶ್ನೆ ಬಲುಬೇಗ ಹೊಳೆಯುತ್ತದೆ. ಅಲ್ಲಿಗೆ ಅರಬ್ಬೀ ಸಮುದ್ರವು ಬಹು ದೂರ. ಆದರೆ ಉಪ್ಪುನೀರಿನ ಕಾಟವು ದೂರದ ಮಾತಲ್ಲ. ಆ ಸೀಮೆಯ ಎಷ್ಟೋ ಬಾವಿಗಳ ನೀರು ಸವುಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಕೆರೆಗೆ ತುಂಬಿಸಿಕೊಂಡು ಕುಡಿಯುವ ಊರುಗಳು ಅಲ್ಲಿ ಅನೇಕ. ಕಾಲುವೆಯೂ ಇಲ್ಲದ, ಸುತ್ತಲೂ ಉಪ್ಪುನೀರೇ ಇರುವ ಒಂದು ತುಂಡು ಮರಳಿನ ಮೇಲೆ ಮನುಷ್ಯರು ಬಾಳುವುದು ಹೇಗೆ? ಇದಕ್ಕೆ ಉತ್ತರ ಕೊಡುವುದು ಪ್ರೌಢಶಾಲೆಯಲ್ಲಿ ನಾವೆಲ್ಲರೂ ಓದಿರುವ ದ್ರವಗಳ ಒತ್ತಡದ ನಿಯಮ.

ಹವಳದ ನೆಲ

ನಮಗೆ ಹತ್ತಿರದ ಉದಾಹರಣೆ ಲಕ್ಷದ್ವೀಪ. ಕನ್ನಡ ನಾಡಿಗೂ ಇದಕ್ಕೂ ಹಳೆಯ ನಂಟಿದೆ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳು 1787ರಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದವು. 1799ರ ಅನಂತರ ಅವು ಇಂಗ್ಲಿಷರ ಕೈಸೇರಿ, 1956ರವರೆಗೆ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಸರ್ಕಾರಿ ಲೆಕ್ಕದಂತೆ ಲಕ್ಷದ್ವೀಪದ ದ್ವೀಪಗಳು 36, ಜನವಸತಿಯಿರುವವು 10, ಎಲ್ಲವೂ ಸೇರಿ ವಿಸ್ತೀರ್ಣ ಕೇವಲ 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ಸುಮಾರು 64 ಸಾವಿರ. ಅಗತ್ತಿಯ ಬಳಿಯ ಬಂಗಾರಂ ಎಂಬುದು ಊರಿಲ್ಲದ ಪುಟ್ಟ ದ್ವೀಪ; ಅರ್ಧ ಚದರ ಕಿಲೋಮೀಟರಿಗಿಂತ ತುಸುವೇ ದೊಡ್ಡದು. ಏಕಾಂತವನ್ನು ಅರಸುವ ಪ್ರವಾಸಿಗಳ ವಿಹಾರಧಾಮವೆಂದು ಇದು ಹಲವು ದಶಕಗಳಿಂದ ಹೆಸರಾಗಿದೆ.

ಈ ದ್ವೀಪಗಳು ಹವಳದ ಹುಳುಗಳು ಕಟ್ಟಿದವು. ಅವುಗಳ ಸುಣ್ಣದ ಗೂಡುಗಳು ಅಲೆಗಳ ಬಡಿತಕ್ಕೆ ಪುಡಿಯಾಗಿ ರಾಶಿಗೊಂಡ ಮರಳೇ ಅಲ್ಲಿಯ ನೆಲ. ಸಮುದ್ರ ಮಟ್ಟದಿಂದ ನೆಲದ ಎತ್ತರ ಕೆಲವೇ ಮೀಟರ್. ಇಂಥ ಮರಳಿನ ಮೇಲೆ ಬಿದ್ದ ಮಳೆಯು ಹರಿದು ಹೋಗುವುದಿಲ್ಲ. ನೇರವಾಗಿ ಕೆಳಕ್ಕೆ ಇಂಗುವುದು. ವರ್ಷಕ್ಕೆ ಅಲ್ಲಿ ಸುರಿಯುವ ಮಳೆ ಸುಮಾರು 1,600 ಮಿಲಿಮೀಟರ್. ರಾಯಚೂರು ಜಿಲ್ಲೆಯ ಮಳೆ ಸುಮಾರು 600 ಮಿಲಿಮೀಟರ್ ಎಂಬುದನ್ನು ನೆನೆದರೆ ದ್ವೀಪವಾಸಿಗಳು ಭಾಗ್ಯವಂತರೆಂದೇ ತೋರುವುದು.

ನಲವತ್ತಕ್ಕೆ ಒಂದು

ಇಂಗಿದ ನೀರು ಎಲ್ಲಿ ನಿಲ್ಲುತ್ತದೆ? ದ್ವೀಪದ ಒಡಲಿನ ಮರಳು ಕಡಲ ನೀರಿನಿಂದ ಮೊದಲೇ ತೊಯ್ದಿದೆ. ಸಿಹಿನೀರು ಇದರಲ್ಲಿ ಬೆರೆತು ಹಾಳಾಗಬೇಕಲ್ಲವೆ? ಹಾಗಾಗುವುದಿಲ್ಲ. ಮರಳಿನ ಸಣ್ಣ ಸಂದುಗಳಲ್ಲಿ ನೀರನ್ನು ಕಲಕುವವರು ಯಾರೂ ಇಲ್ಲ. ಸಿಹಿನೀರು ಹಗುರ, ಕಡಲನೀರು ಭಾರ. ಆದ್ದರಿಂದ ಹಗುರವಾದುದು ಭಾರವಾದುದರ ಮೇಲೆ ತೇಲುತ್ತದೆ.

ಎಷ್ಟು ಮುಳುಗಿ ಎಷ್ಟು ತೇಲುತ್ತದೆಂಬುದನ್ನು ಲೆಕ್ಕ ಹಾಕೋಣ. ಒಂದು ಲೀಟರ್ ಸಿಹಿನೀರಿನ ತೂಕ 1,000 ಗ್ರಾಂ; ಒಂದು ಲೀಟರ್ ಕಡಲನೀರಿನ ತೂಕ ಸುಮಾರು 1,025 ಗ್ರಾಂ. 40 ಸೆಂಟಿಮೀಟರ್ ಎತ್ತರದ ಕಡಲನೀರಿನ ಕಂಬವು ತನ್ನ ಬುಡದ ಮೇಲೆ ಹಾಕುವ ಒತ್ತಡವನ್ನು ಸಿಹಿನೀರಿನ ಕಂಬವೊಂದು ಹಾಕಬೇಕಾದರೆ ಅದರ ಎತ್ತರ 40 × 1.025, ಅಂದರೆ 41 ಸೆಂಟಿಮೀಟರ್ ಇರಬೇಕು. ಹೆಚ್ಚಿನ ಆ ಒಂದು ಸೆಂಟಿಮೀಟರ್ ಕಡಲ ಮಟ್ಟಕ್ಕಿಂತ ಮೇಲೆ ನಿಲ್ಲುವುದು. ಉಳಿದ 40 ಸೆಂಟಿಮೀಟರ್ ಕೆಳಗೆ. ಆಕಾರ ಯಂತ್ರದ ಅಗತ್ಯವಿಲ್ಲದ, ಕೊಳವೆಯೊಂದನ್ನು ‘ಯು’ ಅಕ್ಷರದಂತೆ ಬಾಗಿಸಿ ನೀರನ್ನೂ ಸೀಮೆಎಣ್ಣೆಯನ್ನೂ ಸುರಿದು ಮಾಡುವ ಪ್ರಯೋಗವನ್ನು ವಿದ್ಯಾರ್ಥಿಗಳು ಬಲ್ಲರು. ದ್ವೀಪವೂ ಅಂಥದೇ ಒಂದು ಕೊಳವೆ. ಒಂದು ತೋಳಿನಲ್ಲಿ ಕಡಲು, ಇನ್ನೊಂದರಲ್ಲಿ ಮಳೆಯ ನೀರು.

ಹೀಗೆ, ದ್ವೀಪದ ನಡುವೆ ಅಂತರ್ಜಲವು ಕಡಲ ಮಟ್ಟಕ್ಕಿಂತ 25 ಸೆಂಟಿಮೀಟರ್ ಮೇಲೆ ನಿಂತಿದ್ದರೆ, ನಿಯಮದಂತೆ ಅದರ ಅಡಿಯಲ್ಲಿ 10 ಮೀಟರಿನವರೆಗೂ ಸಿಹಿನೀರೇ ಇರಬೇಕು. ದಂಡೆಯ ಕಡೆಗೆ ಹೋದಂತೆ ಈ ಪದರ ತೆಳುವಾಗುತ್ತದೆ. ನಡುವೆ ದಪ್ಪ, ಅಂಚಿನಲ್ಲಿ ತೆಳು. ಭೂತಕನ್ನಡಿಯ ಗಾಜಿನ ಆಕಾರ. ಅದಕ್ಕಾಗಿಯೇ ಇದನ್ನು ಸಿಹಿನೀರಿನ ಮಸೂರವೆಂದು ಕರೆಯುವರು. ವಾಸ್ತವದಲ್ಲಿ ಸಿಹಿನೀರಿಗೂ ಉಪ್ಪುನೀರಿಗೂ ನಡುವೆ ಗೆರೆ ಎಳೆದಂಥ ಗಡಿಯಿರುವುದಿಲ್ಲ. ಉಬ್ಬರವಿಳಿತಗಳು ದಿನವೂ ಮೇಲೆಕೆಳಗೆ ಎಳೆದಾಡುವುದರಿಂದ ಅಲ್ಲಿ ಸಪ್ಪೆಯೂ ಅಲ್ಲದ ಉಪ್ಪೂ ಅಲ್ಲದ ನೀರಿನ ಪಟ್ಟಿಯೊಂದು ಏರ್ಪಡುವುದು. ಆದುದರಿಂದ ಕುಡಿಯಲು ಯೋಗ್ಯವಾದ ಪದರವು ಲೆಕ್ಕಕ್ಕಿಂತ ತೆಳುವಾಗಿಯೇ ಇರುತ್ತದೆ.

ಈ ನಿಯಮದ ಚರಿತ್ರೆಯೂ ಸ್ವಾರಸ್ಯಕರವಾದುದು. ಇದಕ್ಕೆ ಗೀಬೆನ್–ಹರ್ಟ್ಸ್‌ಬರ್ಗ್ ನಿಯಮವೆಂದು ಹೆಸರು. ಹಾಲೆಂಡಿನ ಬಾಡೊನ್ ಗೀಬೆನ್ ಎಂಬಾತನು 1880ರ ದಶಕದ ಕೊನೆಯಲ್ಲಿ ಇದನ್ನು ತಿಳಿಸಿದನು. ಜರ್ಮನಿಯ ಹರ್ಟ್ಸ್‌ಬರ್ಗನು 1901ರಲ್ಲಿ ತಾನಾಗಿಯೇ ಇದನ್ನು ಪ್ರಕಟಿಸಿದನು. ಹರ್ಟ್ಸ್‌ಬರ್ಗನು ಪರೀಕ್ಷಿಸಿದ್ದು ಉತ್ತರ ಸಮುದ್ರದ ನಾರ್ಡರ್ನೈ ಮುಂತಾದ ಮರಳಿನ ದ್ವೀಪಗಳನ್ನು. ಸಿರಿವಂತರು ಕಡಲಸ್ನಾನಕ್ಕೆಂದು ಬಂದು ತಂಗುತ್ತಿದ್ದ ವಿಹಾರಸ್ಥಳಗಳವು. ಅತಿಥಿಗಳಿಗೆ ನೀರು ಒದಗಿಸುವುದು ಹೇಗೆಂಬ ಚಿಂತೆಯಿಂದಲೇ ಈ ವಿಜ್ಞಾನವು ಬೆಳೆಯಿತೆಂದರೆ ತಪ್ಪಾಗದು.

ಪಂಪಿನ ಅಡಿಯ ಗೋಪುರ

ನಲವತ್ತಕ್ಕೆ ಒಂದೆಂಬ ಈ ಲೆಕ್ಕ ಮಳೆಗಾಲದಲ್ಲಿ ವರ, ಬೇಸಗೆಯಲ್ಲಿ ಶಾಪ. ಅಂತರ್ಜಲ ಒಂದು ಸೆಂಟಿಮೀಟರ್ ಏರಿದರೆ ಅಡಿಯಲ್ಲಿ 40 ಸೆಂಟಿಮೀಟರ್ ಸಿಹಿನೀರು ಕೂಡಿಕೊಳ್ಳುವುದು. ಹಾಗೆಯೇ ಬಲವಾದ ಪಂಪನ್ನು ಕೂಡಿಸಿ ಬಾವಿಯ ಮಟ್ಟವನ್ನು 10 ಸೆಂಟಿಮೀಟರ್ ಇಳಿಸಿ ಅಲ್ಲಿಯೇ ಹಿಡಿದಿಟ್ಟರೆ, ಅಡಿಯಲ್ಲಿ ಉಪ್ಪುನೀರು ಕ್ರಮೇಣ 4 ಮೀಟರ್ ಮೇಲಕ್ಕೆ ಬರಲು ಹವಣಿಸುವುದು. ಪಂಪಿನ ನೇರ ಕೆಳಗೆ ಅದು ಗೋಪುರದಂತೆ ಏಳುತ್ತದೆ. ಮೇಲಿನಿಂದ ನೋಡುವವನಿಗೆ ಇದಾವುದೂ ಕಾಣಿಸದು. ಬಾವಿಯಲ್ಲಿ ನೀರು ತುಂಬಿಯೇ ಇರುವುದು. ಒಂದು ದಿನ ನಾಲಗೆಗೆ ಉಪ್ಪು ತಗುಲಿದಾಗಲೇ ವಿಷಯ ತಿಳಿಯುವುದು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅರ್ಧ ಚದರ ಕಿಲೋಮೀಟರ್ ದ್ವೀಪದ ಮೇಲೆ ಬೀಳುವ ಮಳೆಯಲ್ಲಿ ನಾಲ್ಕರಲ್ಲೊಂದು ಭಾಗ ಇಂಗಿತೆಂದು ಭಾವಿಸಿದರೂ ವರ್ಷಕ್ಕೆ 20 ಕೋಟಿ ಲೀಟರ್ ಆಗುತ್ತದೆ. 60 ಮಂದಿ ಅತಿಥಿಗಳು ದಿನಕ್ಕೆ ತಲಾ 500 ಲೀಟರ್ ಬಳಸಿದರೂ ವರ್ಷಕ್ಕೆ ಬೇಕಾಗುವುದು ಒಂದು ಕೋಟಿ ಲೀಟರಿಗಿಂತ ಸ್ವಲ್ಪ ಹೆಚ್ಚು. ಹಾಗಾದರೆ ಭಯವೇಕೆ? ಇಂಗಿದ ನೀರು ಡಬ್ಬದಲ್ಲಿಟ್ಟಂತೆ ನಿಂತಿರುವುದಿಲ್ಲ. ಮಸೂರದ ಅಂಚಿನಿಂದ ಹಗಲಿರುಳೂ ಕಡಲಿಗೆ ಸೋರುತ್ತಿರುತ್ತದೆ. ಹೀಗೆ ಸೋರುವ ನೀರೇ ಉಪ್ಪನ್ನು ಹೊರಗೆ ತಳ್ಳಿ ಮಸೂರವನ್ನು ಕಾಯುವುದು. ಅಲ್ಲದೆ ಮಳೆ ಬರುವುದು ವರ್ಷದ ಕೆಲವು ತಿಂಗಳು, ಪ್ರವಾಸಿಗಳು ಬರುವುದು ಮಳೆಯಿಲ್ಲದ ತಿಂಗಳು. ಆದುದರಿಂದ ವರ್ಷಕ್ಕೆ ಎಷ್ಟು ನೀರು ಎತ್ತಿದೆವೆಂಬುದಕ್ಕಿಂತ ಎಲ್ಲಿ, ಯಾವಾಗ, ಎಷ್ಟು ವೇಗವಾಗಿ ಎತ್ತಿದೆವೆಂಬುದೇ ಮುಖ್ಯ. ಒಂದೇ ಆಳದ ಬಾವಿಯಿಂದ ಎಳೆದರೆ ಕೆಡುವ ನೀರನ್ನು, ಹತ್ತು ಕಡೆ ಅಗಲವಾದ ಆಳವಿಲ್ಲದ ಬಾವಿಗಳಿಂದ ಮೇಲ್ಮೇಲೆ ತೆಗೆದರೆ ಕೆಡಿಸದೆ ಪಡೆಯಬಹುದು. ದ್ವೀಪವಾಸಿಗಳ ಹಳೆಯ ಬಾವಿಗಳು ಆಳವಿಲ್ಲದವು; ಕೈಯಿಂದ ಸೇದುವ ಕೊಡವು ಮಟ್ಟವನ್ನು ಹೆಚ್ಚು ತಗ್ಗಿಸುವುದಿಲ್ಲ.

ಇನ್ನೊಂದು ಅಪಾಯವೂ ಉಂಟು. ಸೋಸುವಷ್ಟು ದಪ್ಪ ಮಣ್ಣಿಲ್ಲದ ಆ ಮರಳಿನಲ್ಲಿ ಶೌಚಗುಂಡಿಯ ನೀರೂ ಅದೇ ಮಸೂರವನ್ನು ಸೇರುತ್ತದೆ. ಹೊರಗಿನ ಕಡಲೂ ಕೆಲವೊಮ್ಮೆ ಒಳನುಗ್ಗುವುದು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಮಾಲ್ಡೀವ್ಸಿನ ಅನೇಕ ದ್ವೀಪಗಳ ಮೇಲೆ ಅಲೆಯು ಹಾಯ್ದು ಬಾವಿಗಳು ಉಪ್ಪಾದವು. ಮೇಲಿನಿಂದ ಬಂದ ಉಪ್ಪನ್ನು ತೊಳೆಯಬಲ್ಲದು ಮುಂದಿನ ಮಳೆಯೊಂದೇ.

ಕಡಲನ್ನೇ ಸಿಹಿಯಾಗಿಸುವುದು

ಮಸೂರವನ್ನು ಮುಟ್ಟದೆ ಕಡಲನೀರಿನಿಂದಲೇ ಉಪ್ಪು ತೆಗೆಯಬಹುದಲ್ಲವೆ? ಬಹುದು. ಆದರೆ ಪ್ರಕೃತಿಯು ಅದಕ್ಕೆ ಸುಂಕ ಕೇಳುತ್ತದೆ. ಕಡಲನೀರನ್ನು ಕಾಯಿಸಿ ಆವಿ ಮಾಡಿದರೆ ಸಾವಿರ ಲೀಟರಿಗೆ 600 ಯೂನಿಟ್ ವಿದ್ಯುತ್ತಿಗೂ ಹೆಚ್ಚಿನ ಶಾಖ ಬೇಕು. ತೆಳುವಾದ ಪೊರೆಯ ಮೂಲಕ ನೀರನ್ನು ಒತ್ತಿ ಸೋಸುವ ವಿಧಾನವು ಇದಕ್ಕಿಂತ ಅಗ್ಗ. ಕಡಲನೀರಿನ ಪರಾಸರಣ ಒತ್ತಡ ಸುಮಾರು 27 ವಾಯುಭಾರ. ಅದನ್ನು ಗೆದ್ದು ಸಾವಿರ ಲೀಟರ್ ನೀರನ್ನು ಪೊರೆಯಾಚೆ ತಳ್ಳಲು ಕನಿಷ್ಠ ಮುಕ್ಕಾಲು ಯೂನಿಟ್ ಬೇಕು. ವಾಸ್ತವದ ಯಂತ್ರಗಳು ಇದರ ಹಲವು ಪಟ್ಟು ಬೇಡುತ್ತವೆ. ಆ ವಿದ್ಯುತ್ತು ಡೀಸೆಲಿನಿಂದ ಬರುವುದಾದರೆ ಡೀಸೆಲ್ ಹಡಗಿನಲ್ಲಿ ಬರಬೇಕು. ಹಿಂದುಳಿದ ಗಟ್ಟಿ ಉಪ್ಪುನೀರನ್ನು ದಂಡೆಯೊಳಗಿನ ಕೊಳದಂಥ ಶಾಂತ ಕಡಲಿಗೆ ಬಿಟ್ಟರೆ ದ್ವೀಪವನ್ನು ಕಟ್ಟಿದ ಹವಳವೇ ನಲುಗುವುದು.

ನಮ್ಮ ವಿಜ್ಞಾನಿಗಳು ಮತ್ತೊಂದು ಉಪಾಯವನ್ನು ಸಾಧಿಸಿದರು. ಚೆನ್ನೈಯಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು 2005ರಲ್ಲಿ ಕವರತ್ತಿ ದ್ವೀಪದಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡುವ ಸ್ಥಾವರವನ್ನು ನಿಲ್ಲಿಸಿತು. ಇದರಲ್ಲಿ ಬೆಂಕಿಯಿಲ್ಲ. ಕಡಲಿನ ಮೇಲಿನ ನೀರಿನ ಉಷ್ಣತೆ ಸುಮಾರು 28 ಡಿಗ್ರಿ ಸೆಲ್ಸಿಯಸ್. 350 ಮೀಟರ್ ಆಳದ ನೀರಿನದು ಸುಮಾರು 12 ಡಿಗ್ರಿ. ನೀರು 28 ಡಿಗ್ರಿಯಲ್ಲಿಯೂ ಕುದಿಯುತ್ತದೆ, ಅದರ ಮೇಲಿನ ಒತ್ತಡವನ್ನು ಪಾದರಸದ 760 ಮಿಲಿಮೀಟರಿನಿಂದ 28 ಮಿಲಿಮೀಟರಿಗೆ ಇಳಿಸಿದರೆ ಸಾಕು. ಗಾಳಿ ತೆಗೆದ ಕೋಣೆಗೆ ಬೆಚ್ಚನೆಯ ನೀರನ್ನು ಬಿಟ್ಟಾಗ ಅದರ ಒಂದು ಪಾಲು ಥಟ್ಟನೆ ಆವಿಯಾಗುವುದು. ಆಳದ ತಣ್ಣೀರು ಹರಿಯುವ ಕೊಳವೆಗಳಿಗೆ ಆ ಆವಿ ತಗುಲಿ ಸಿಹಿನೀರಾಗಿ ಇಳಿಯುವುದು. ಆವಿಯಾಗಲು ಬೇಕಾದ ಶಾಖವನ್ನು ಕಡಲೇ ಕೊಡುತ್ತದೆ. ವಿದ್ಯುತ್ತು ಬೇಕಾಗುವುದು ಪಂಪುಗಳಿಗೆ ಮಾತ್ರ. ಆದರೆ ನೀರು 6 ಡಿಗ್ರಿ ತಣಿದರೆ ನೂರು ಲೀಟರಿನಲ್ಲಿ ಆವಿಯಾಗುವುದು ಸುಮಾರು ಒಂದೇ ಲೀಟರ್. ಅಂದಮೇಲೆ ಒಂದು ಲಕ್ಷ ಲೀಟರಿಗಾಗಿ ಒಂದು ಕೋಟಿ ಲೀಟರ್ ಕಡಲನೀರನ್ನು ಹಾಯಿಸಬೇಕು. ದ್ವೀಪದ ಅಂಚು ಕಡಿದಾಗಿ ಇಳಿದಿರುವುದರಿಂದ ಆಳದ ತಣ್ಣೀರು ದಡಕ್ಕೆ ಹತ್ತಿರದಲ್ಲಿಯೇ ಸಿಗುವುದು ಇಲ್ಲಿಯ ಅನುಕೂಲ. 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿಗಳಲ್ಲಿಯೂ ಇಂಥ ಸ್ಥಾವರಗಳು ಬಂದವು.

ಕವರತ್ತಿಯ ಜನಸಂಖ್ಯೆ 2011ರಲ್ಲಿ ಸುಮಾರು 11 ಸಾವಿರ. ಒಂದು ಲಕ್ಷ ಲೀಟರನ್ನು ಹಂಚಿದರೆ ತಲೆಗೆ ಬರುವುದು 9 ಲೀಟರ್; ಕುಡಿಯಲು, ಅಡುಗೆಗೆ ಸಾಲುವಷ್ಟು. ವಿಹಾರಧಾಮದ ಸ್ನಾನದ ತೊಟ್ಟಿಗೆ 200 ಲೀಟರ್ ಹಿಡಿಯುವುದೆಂದಿಟ್ಟುಕೊಳ್ಳಿ. ಒಬ್ಬ ಅತಿಥಿಯು ಒಮ್ಮೆ ಮಿಂದು ಚೆಲ್ಲುವ ನೀರು 22 ಮಂದಿಯ ಒಂದು ದಿನದ ಪಾಲು! ಲಕ್ಷದ್ವೀಪದಲ್ಲಿ ಹೊಸ ವಿಹಾರಧಾಮಗಳ ಯೋಜನೆಗಳು ಕೇಳಿಬರುತ್ತಿರುವ ಈ ಕಾಲದಲ್ಲಿ ಈ ಭಾಗಾಕಾರವನ್ನು ಮರೆಯಲಾಗದು. ವಿಹಾರಧಾಮ ಬೇಡವೆಂದು ಇದರ ಅರ್ಥವಲ್ಲ. ನೂರು ಚದರ ಮೀಟರಿನ ಚಾವಣಿಯ ಮೇಲೆ ಅಲ್ಲಿ ವರ್ಷಕ್ಕೆ 1,60,000 ಲೀಟರ್ ಮಳೆ ಬೀಳುತ್ತದೆ. ಐದರಲ್ಲಿ ನಾಲ್ಕು ಪಾಲನ್ನು ಹಿಡಿದಿಟ್ಟರೂ ವರ್ಷವಿಡೀ ದಿನಕ್ಕೆ 350 ಲೀಟರ್ ಸಿಗುವುದು. ಮಳೆಯನ್ನು ತೊಟ್ಟಿಯಲ್ಲಿ ಹಿಡಿಯುವ, ಮಿಂದ ನೀರನ್ನು ಶುದ್ಧಮಾಡಿ ಮರಳಿ ಬಳಸುವ, ಮಸೂರವನ್ನು ಊರಿನವರಿಗೆ ಬಿಡುವ ವಿಹಾರಧಾಮವು ದ್ವೀಪಕ್ಕೆ ಹೊರೆಯಾಗಲಾರದು. ಆಳದ ಬಾವಿಗೆ ದೊಡ್ಡ ಪಂಪನ್ನು ಇಳಿಸುವ ವಿಹಾರಧಾಮವು ನೆರೆಯವರ ಬಾವಿಗೆ ಉಪ್ಪು ಸುರಿದಂತೆಯೇ ಸರಿ.

ಕೊನೆಯದಾಗಿ, ಒಳನಾಡಿನ ನಮಗೂ ಇಲ್ಲಿ ಪಾಠವಿದೆ. ದ್ವೀಪದಲ್ಲಿ ಅಂತರ್ಜಲವು ತಗ್ಗಿದರೆ ಉಪ್ಪು ಮೇಲಕ್ಕೆ ಬರುತ್ತದೆ. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ನಡೆದುದು ಇದರ ವಿಪರೀತ. ಗದ್ದೆಗಳಿಗೆ ಕಾಲುವೆಯ ನೀರನ್ನು ಅಳತೆಯಿಲ್ಲದೆ ಹಾಯಿಸಿದ ತಗ್ಗುನೆಲಗಳಲ್ಲಿ ಅಂತರ್ಜಲವು ಏರಿತು. ಎರೆಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಮೇಲೆ ಬಂದು, ಬಿಸಿಲಿಗೆ ಆವಿಯಾಗಿ, ಉಪ್ಪನ್ನು ನೆಲದ ಮೇಲೆ ಬಿಟ್ಟುಹೋಯಿತು. ಹೀಗೆ ಸವುಳು-ಜವುಳಾದ ಹೊಲಗಳನ್ನು ಸಿಂಧನೂರು ಸೀಮೆಯ ವಿದ್ಯಾರ್ಥಿಗಳು ಕಣ್ಣಾರೆ ಕಾಣಬಹುದು. ಒಂದೆಡೆ ಅತಿಯಾಗಿ ಎತ್ತಿದುದರ ಫಲ, ಇನ್ನೊಂದೆಡೆ ಅತಿಯಾಗಿ ಹರಿಸಿದುದರ ಫಲ. ಎರಡು ಕಡೆಯೂ ನೆಲದೊಳಗಿನ ನೀರಿನ ಮಟ್ಟ ಕೆಲವೇ ಅಂಗುಲಗಳಷ್ಟು ಅಥವಾ ಅಡಿಗಳಷ್ಟು ಸರಿದಿದೆ, ಅಷ್ಟೆ. ಆ ಮಟ್ಟವನ್ನು ಅಳೆಯಲು ದೊಡ್ಡ ಯಂತ್ರ ಬೇಡ. ಒಂದು ಹಗ್ಗ, ಅದರ ತುದಿಗೊಂದು ತೂಕ, ಬರೆದಿಡಲು ಒಂದು ಪುಸ್ತಕ ಸಾಕು. ತಿಂಗಳಿಗೊಮ್ಮೆ ತಮ್ಮ ಊರಿನ ಬಾವಿಯನ್ನು ಹೀಗೆ ಅಳೆದಿಡುವ ವಿದ್ಯಾರ್ಥಿಯು ಉಪ್ಪು ನಾಲಗೆಗೆ ತಗುಲುವ ಮೊದಲೇ ಅದರ ಬರವನ್ನು ಅರಿಯಬಲ್ಲನು.